ಸೋವಿಯತ್ ಇಂಜಿನಿಯರ್‌ಗಳು ಚೀನಾದಲ್ಲಿ ಮಾಡಿದ್ದೇನು? 1960ರಲ್ಲಿ "ರಾತ್ರೋರಾತ್ರಿ ನಕ್ಷೆ ಹೊತ್ಕೊಂಡು ಹೋದ್ರು" ಕಥೆ ಎಷ್ಟು ನಿಜ?

ಹಳಿಹುಚ್ಚ:
ಎಲ್ರಿಗೂ ನಮಸ್ಕಾರ. ಮೊನ್ನೆ ನಮ್ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಚಿಕ್ಕಪ್ಪ ಒಂದ್ ಫಾರ್ವರ್ಡ್ ಹಾಕಿದ್ರು, ರಷ್ಯಾದವರು ಚೀನಾಗೆ 156 ಕಾರ್ಖಾನೆ ಪುಕ್ಕಟೆ ಕಟ್ಟಿಕೊಟ್ರಂತೆ, ಆಮೇಲೆ ಜಗಳ ಆಗಿ ಒಂದೇ ರಾತ್ರಿಗೆ ಎಲ್ಲಾ ಬಿಟ್ಟು ನಕ್ಷೆ ಸುಟ್ಟುಹಾಕಿ ಹೋದ್ರಂತೆ, ಅದಕ್ಕೇ ಅಲ್ಲಿ ಬರಗಾಲ ಬಂತಂತೆ. ಮೂರಕ್ಕೆ ಮೂರೂ ನಂಗೆ ಅನುಮಾನ. ನಾನು ಮೇನ್ ಆಗಿ ಸ್ಟೀಮ್ ಇಂಜಿನ್ ಹುಚ್ಚಿನವನು, ಚೀನಾ ಇಂಜಿನ್‌ಗಳ ಬಗ್ಗೆ ಓದ್ತಾ ಇದ್ರೆ ಎಲ್ಲಾ ಕಡೆ ಸೋವಿಯತ್ ಡ್ರಾಯಿಂಗ್, ಸೋವಿಯತ್ ತಜ್ಞರು ಅಂತಾನೇ ಬರುತ್ತೆ. ಆದ್ರೆ ಆ ತಜ್ಞರು ಅಲ್ಲಿ ಹೋಗಿ ದಿನಾ ಏನ್ ಮಾಡ್ತಿದ್ರು? ಆಫೀಸಲ್ಲಿ ಕೂತು ಸಹಿ ಹಾಕ್ತಿದ್ರಾ ಇಲ್ಲ ಸೈಟಲ್ಲಿ ಕೆಸರು ತುಳೀತಿದ್ರಾ? ಗೊತ್ತಿರೋರು ಹೇಳಿ.

ಪೇಢಾಪ್ರಿಯ ಧಾರವಾಡ:
156 ಅನ್ನೂದು ಹೆಸರಿಗೆ ಅಷ್ಟ ರೀ, ಖರೇ ಅಂದ್ರ ಕಟ್ಟಿದ್ದು 150. ಆದ್ರ ಮೊದಲನೇ ಪಂಚವಾರ್ಷಿಕ ಯೋಜನಾ ಅಂದ್ರ 156 ಅಂತ ಅವರ ಬಾಯಾಗ ಕುಂತುಬಿಟ್ಟದ, ಹಂಗ ಉಳೀತು.

ಎಲ್ಲಾರೂ 1950ರಿಂದ ಕಥಿ ಚಾಲೂ ಮಾಡ್ತಾರ, ಫೆಬ್ರವರಿ 14ಕ್ಕ ಮಾಸ್ಕೋದಾಗ ಮೈತ್ರಿ ಒಪ್ಪಂದ, 30 ಕೋಟಿ ಡಾಲರ್ ಸಾಲ, ವರ್ಷಕ್ಕ 1 ಪರ್ಸೆಂಟ್ ಬಡ್ಡಿ. ಆದ್ರ ರೈಲ್ವೆದವರು ಅದಕ್ಕೂ ಮೊದಲ ಬಂದಿದ್ರು. 1948ರಾಗ ಇನ್ನೂ ಅಲ್ಲಿ ಅಂತರ್ಯುದ್ಧ ನಡದಿತ್ತು, ಮಂಚೂರಿಯಾದಾಗ, ಅಂದ್ರ ಚೀನಾದ ಈಶಾನ್ಯ ಭಾಗದಾಗ, ಸೇತುವೆ ಎಲ್ಲಾ ಮುರದು ಬಿದ್ದಿದ್ವು, ಆಗ ಸ್ಟಾಲಿನ್ ಕಳಿಸಿದ್ದು ಯಾರನ್ನ ಗೊತ್ತೇನು, ಇವಾನ್ ಕೊವಾಲೆವ್ ಅಂತ, ಎರಡನೇ ಮಹಾಯುದ್ಧದ ಕಡೀ ವರ್ಷದಾಗ ಸೋವಿಯತ್ ರೈಲ್ವೆ ಮಂತ್ರಿನ ಆಗಿದ್ದ ಮನುಷ್ಯಾ. ಅವನ ಜೋಡಿ ಹಳಿ ಮತ್ತ ಸೇತುವೆ ರಿಪೇರಿ ಮಾಡೋ ಮಂದಿ. ಎರಡನೇ ಸುಂಗಾರಿ ನದಿ ಸೇತುವೆ ಅವರು ಚೀನಾದವರ ಜೋಡಿ ಕೂಡಿ ನಿಲ್ಲಿಸಿದ ಮ್ಯಾಲೆ ಸೈನ್ಯದ ಟ್ರೇನು ದಕ್ಷಿಣಕ್ಕ ಓಡಿದ್ವು. ಅಂದ್ರ ಕಮ್ಯುನಿಸ್ಟ್ ಸರ್ಕಾರ ಹುಟ್ಟೂದಕ್ಕಿಂತ ಮೊದಲ ಸಲಹೆಗಾರರು ಹುಟ್ಟಿದ್ರು ಅನ್ರಿ. 1949ರ ಆಗಸ್ಟ್‌ನಾಗ ಚೀನಾ ಕಮ್ಯುನಿಸ್ಟ್ ನಾಯಕ ಲಿಯು ಶಾವೋಚಿ ಮಾಸ್ಕೋದಿಂದ ತಿರುಗಿ ಬರೋ ಮುಂದ ಇದ ಕೊವಾಲೆವ್ ಜೋಡಿ ಸುಮಾರು 200 ತಜ್ಞರು ಟ್ರೇನ್ ಹತ್ತಿ ಬಂದ್ರು.

ಸಂಶಯಪ್ಪ:
ಪುಕ್ಕಟೆ ಅಂತ ಯಾರ್ ಗುರೂ ಹೇಳಿದ್ದು. ಸಾಲ ಅಂದ್ಮೇಲೆ ಸಾಲ. ಟಂಗ್‌ಸ್ಟನ್, ತವರ, ಆಂಟಿಮನಿ ಅದಿರು, ಚಹಾ ಎಲ್ಲಾ ಕಳ್ಸಿ ತೀರಿಸಿದ್ರು, 1965ಕ್ಕೆ ಪೂರ್ತಿ ಚುಕ್ತಾ. ಇನ್ನು ಒಬ್ಬೊಬ್ಬ ತಜ್ಞನಿಗೂ ಸಂಬಳ ಚೀನಾದೇ, ಅದರ ಮೇಲೆ ಅವನು ಊರಲ್ಲಿ ಬಿಟ್ಟು ಬಂದ ಆಫೀಸಿಗೆ "ನಿಮ್ಮ ಮನುಷ್ಯನ್ನ ಕರ್ಕೊಂಡ್ ಬಂದ್ವಿ" ಅಂತ ತಿಂಗಳಿಗೆ 1500ರಿಂದ 3000 ರೂಬಲ್ ಪರಿಹಾರ ಬೇರೆ. ಬೀಜಿಂಗ್‌ನಲ್ಲಿ ಇವರಿಗೋಸ್ಕರ ಫ್ರೆಂಡ್‌ಶಿಪ್ ಹೋಟೆಲ್ ಅಂತ ದೊಡ್ಡ ಕಾಲೋನಿನೇ ಕಟ್ಟಿದ್ರು, ಈಗ್ಲೂ ಇದೆ. ಪಕ್ಕದಲ್ಲಿ ಕೆಲಸ ಮಾಡೋ ಚೀನಾ ಇಂಜಿನಿಯರ್‌ಗೆ ಆ ಸೌಕರ್ಯ ಕನಸಲ್ಲೂ ಇಲ್ಲ. ಅಣ್ಣ ಅಂತ ಕರೀತಿದ್ರು ನಿಜ, "ಲಾವೊ ತಾಗ" ಅಂದ್ರೆ ದೊಡ್ಡಣ್ಣ ಅಂತಾನೇ ಅರ್ಥ. ಆದ್ರೆ ಲೆಕ್ಕ ಬರೆಯೋ ಅಣ್ಣ.

ಹಳಿಹುಚ್ಚ:
ಹಹ ಲೆಕ್ಕ ಬರೆಯೋ ಅಣ್ಣ. ಆದ್ರೆ ಸಂಶಯಪ್ಪ ಸರ್, ಡ್ರಾಯಿಂಗ್‌ಗಳು ಫ್ರೀ ಅಂತ ಓದಿದ್ನಲ್ಲ?

ಸಂಶಯಪ್ಪ:
ಅದು ಒಪ್ಕೋತೀನಿ. 1954 ಅಕ್ಟೋಬರ್‌ನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಬೀಜಿಂಗ್‌ಗೆ ಬಂದಾಗ ಆದ ಒಪ್ಪಂದದಲ್ಲಿ ಲೈಸೆನ್ಸ್ ಫೀ ಇಲ್ಲ, ನಕ್ಷೆ ಕಾಪಿ ತೆಗೆಯೋ ಖರ್ಚು ಕೊಟ್ರೆ ಸಾಕು. ಯಾವ ಅಮೆರಿಕನ್ ಕಂಪನಿನೂ ಹಂಗೆ ಕೊಡಲ್ಲ. ಮಿಷಿನ್‌ಗೆ ದುಡ್ಡು, ಮನುಷ್ಯನಿಗೆ ದುಡ್ಡು, ಕಾಗದಕ್ಕೆ ಮಾತ್ರ ಜೆರಾಕ್ಸ್ ಚಾರ್ಜು.

ನಿವೃತ್ತ ಬ್ರಿಡ್ಜಪ್ಪ:
ತಡವಾಗಿ ಬಂದೆ, ಕ್ಷಮಿಸಿ. ನಾನು ರೈಲ್ವೆಯಲ್ಲಿ ಸೇತುವೆ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ರಿಟೈರ್ ಆದವನು, ಅದಕ್ಕೆ ಹಳಿಹುಚ್ಚ ಕೇಳಿದ "ಕೆಸರು ತುಳೀತಿದ್ರಾ" ಅನ್ನೋ ಪ್ರಶ್ನೆಗೆ ನನ್ನ ಉತ್ತರ ಒಂದೇ ಹೆಸರು, ಕಾನ್‌ಸ್ಟಾಂಟಿನ್ ಸಿಲಿನ್.

ವುಹಾನ್‌ನಲ್ಲಿ ಯಾಂಗ್ಟ್ಸೆ ನದಿ. ಉತ್ತರದಿಂದ ಬರೋ ಬೀಜಿಂಗ್ ಲೈನು ಹಾಂಕೌನಲ್ಲಿ ಬಂದು ನಿಲ್ಲುತ್ತೆ, ದಕ್ಷಿಣದ ಗ್ವಾಂಗ್‌ಜೌ ಲೈನು ಎದುರು ದಡದ ವುಚಾಂಗ್‌ನಲ್ಲಿ. ಮಧ್ಯೆ ಡಬ್ಬಿಗಳನ್ನ ದೋಣಿ ಮೇಲೆ ಹತ್ತಿಸಿ ದಾಟಿಸಬೇಕು. ಎಷ್ಟೋ ವರ್ಷದಿಂದ ಪ್ಲಾನ್ ಮಾಡ್ತಾನೇ ಇದ್ರು, ಆಗಿರಲಿಲ್ಲ.

ಮೊದಲ ಡಿಸೈನ್ ಪ್ರಕಾರ ಕಂಬಗಳಿಗೆ ನ್ಯೂಮ್ಯಾಟಿಕ್ ಕೇಸನ್ ಅಡಿಪಾಯ. ಅಂದ್ರೆ ಬುಡ ತೆರೆದಿರೋ ದೊಡ್ಡ ಪೆಟ್ಟಿಗೆಯನ್ನ ನದಿ ತಳಕ್ಕೆ ಇಳಿಸಿ, ಒಳಗೆ ಗಾಳಿ ಒತ್ತಡ ಕೊಟ್ಟು ನೀರು ಹೊರಗೆ ತಳ್ಳಿ, ಆಳುಗಳು ಒಳಗಿಳಿದು ಅಗೆಯೋದು. ಅಲ್ಲಿ ನೀರಿನ ಆಳವೇ ಮಳೆಗಾಲದಲ್ಲಿ 40 ಮೀಟರ್ ಹತ್ತಿರ ಹೋಗುತ್ತೆ. ಅಷ್ಟು ಒತ್ತಡದಲ್ಲಿ ಮನುಷ್ಯ ನಿಮಿಷಗಳ ಲೆಕ್ಕದಲ್ಲಿ ಮಾತ್ರ ಕೆಲಸ ಮಾಡಬಹುದು, ಮೇಲೆ ಬರುವಾಗ ಸ್ವಲ್ಪ ಅವಸರ ಮಾಡಿದ್ರೂ ರಕ್ತದಲ್ಲಿ ಗಾಳಿಗುಳ್ಳೆ, ಕೀಲು ಹಿಡ್ಕೊಳ್ಳುತ್ತೆ, ಸತ್ತೂ ಹೋಗಬಹುದು. ನೀರು ಏರಿದ್ರೆ ಕೆಲಸವೇ ಬಂದ್, ಅಂದ್ರೆ ವರ್ಷದಲ್ಲಿ ಕೆಲವೇ ತಿಂಗಳು.

ಸಿಲಿನ್ 1948ರಲ್ಲಿ ಪೇಢಾಪ್ರಿಯರು ಹೇಳಿದ ಆ ಮಂಚೂರಿಯಾ ರಿಪೇರಿ ತಂಡದಲ್ಲೇ ಬಂದಿದ್ದವನು, ಚೀನಾ ನದಿಗಳು ಅವನಿಗೆ ಹೊಸದಲ್ಲ. ಅವನು ಹೇಳಿದ್ದು, ಪೆಟ್ಟಿಗೆ ಬೇಡ, ಮನುಷ್ಯ ನೀರಿನ ಕೆಳಗೆ ಇಳಿಯೋದೇ ಬೇಡ. ಸುಮಾರು ಒಂದೂವರೆ ಮೀಟರ್ ಅಗಲದ ಟೊಳ್ಳು ಕಾಂಕ್ರೀಟ್ ಕೊಳವೆಗಳನ್ನ ನಡುಗಿಸೋ ಯಂತ್ರದಿಂದ ಮರಳಿನೊಳಗೆ ಬಂಡೆವರೆಗೂ ಇಳಿಸೋಣ, ಕೊಳವೆ ಒಳಗಿಂದಲೇ ಬಂಡೆ ಕೊರೆಯೋಣ, ಕಂಬಿ ಇಳಿಸಿ ಕಾಂಕ್ರೀಟ್ ತುಂಬೋಣ. ಬಂಡೆಗೆ ಹಲ್ಲು ನೆಟ್ಟ ಹಾಗೆ ನಿಲ್ಲುತ್ತೆ. ತಮಾಷೆ ಏನಂದ್ರೆ ಇದನ್ನ ಸೋವಿಯತ್‌ನಲ್ಲೂ ಯಾರೂ ಅಷ್ಟು ದೊಡ್ಡದಾಗಿ ಮಾಡಿರಲಿಲ್ಲ. ಸಲಹೆಗಾರ ಅಂದ್ರೆ ಊರಲ್ಲಿ ಗೊತ್ತಿರೋದನ್ನ ತಂದು ಒಪ್ಪಿಸೋನು ಅಂತ ತಾನೇ ನಮ್ಮ ಕಲ್ಪನೆ? ಇಲ್ಲಿ ಅವನೇ ರಿಸ್ಕ್ ತಗೊಂಡ, ಚೀನಾ ಇಂಜಿನಿಯರ್‌ಗಳ ಜೊತೆ ದಡದಲ್ಲಿ ಪ್ರಯೋಗ ಮಾಡಿ ತೋರಿಸಿದ, ಆಮೇಲೇ ಮಾಸ್ಕೋದವರ ಮುಖ ಅರಳಿದ್ದು. 7ನೇ ಕಂಬದ ಕೆಳಗೆ ಬಂಡೆಯೇ ಮೆತ್ತಗಿತ್ತು, ಅಲ್ಲಿಗೆ ಬೇರೆ ಥರ ಪೈಲ್ ಹಾಕಬೇಕಾಯ್ತು.

1955 ಸೆಪ್ಟೆಂಬರ್ ಶುರು, 1957 ಅಕ್ಟೋಬರ್ 15 ಉದ್ಘಾಟನೆ. ಎಂಟು ಕಂಬ, 128 ಮೀಟರ್‌ನ ಒಂಬತ್ತು ಸ್ಪ್ಯಾನ್, ಮೇಲೆ ರಸ್ತೆ, ಕೆಳಗೆ ಡಬಲ್ ಲೈನು. ನಾನು ನಮ್ಮಲ್ಲಿ ವೆಲ್ ಫೌಂಡೇಶನ್ ಇಳಿಸೋವಾಗ ಬಾವಿ ಒಂದು ಗೇಣು ವಾಲಿದ್ರೂ ರಾತ್ರಿ ನಿದ್ದೆ ಬರ್ತಿರಲಿಲ್ಲ, ಅಂಥದ್ರಲ್ಲಿ ಪರದೇಶದಲ್ಲಿ, ಹೊಸ ಪದ್ಧತಿ, ಯಾಂಗ್ಟ್ಸೆ ಮೇಲೆ! ಆ ಮನುಷ್ಯನಿಗೆ ನಮಸ್ಕಾರ.

ಕುಡ್ಲ ಸಿವಿಲ್:
ಬ್ರಿಡ್ಜಪ್ಪ ಅಂಕಲ್, ಓದಿ ಖುಷಿ ಆಯ್ತು, ಆದ್ರೆ ಇನ್ನೊಂದು ಮುಖ ಉಂಟು ಮಾರಾಯ್ರೆ, ಸಾನ್‌ಮೆನ್‌ಶಿಯಾ ಡ್ಯಾಮ್. ನಮಗೆ ಹೂಳಿನ ಬಗ್ಗೆ ಪಾಠ ಮಾಡುವಾಗ ಲೆಕ್ಚರರ್ ಮೊದಲು ಹೇಳುವ ಉದಾಹರಣೆಯೇ ಅದು. ಹಳದಿ ನದಿಯ ಮೇಲೆ, ಡಿಸೈನ್ ಲೆನಿನ್‌ಗ್ರಾಡಿನ ಜಲವಿದ್ಯುತ್ ಸಂಸ್ಥೆಯದ್ದು. ಅವರಿಗೆ ಗೊತ್ತಿದ್ದದ್ದು ವೋಲ್ಗಾದಂಥ ನದಿ. ಹಳದಿ ನದಿಯಲ್ಲಿ ಆಗ ವರ್ಷಕ್ಕೆ ಸರಾಸರಿ 160 ಕೋಟಿ ಟನ್ ಹೂಳು ಬರ್ತಿತ್ತು, ಅದು ನೀರಲ್ಲ, ನೀರುದೋಸೆ ಹಿಟ್ಟು ಅಂತಲೇ ಹೇಳ್ಬೇಕು. ಮೇಲಿನ ಗುಡ್ಡಗಳಲ್ಲಿ ಮಣ್ಣು ಉಳಿಸುವ ಕೆಲಸ ಮಾಡಿದ್ರೆ ಹೂಳು ಕಡಿಮೆ ಆಗ್ತದೆ ಅಂತ ಲೆಕ್ಕ ಹಾಕಿದ್ರು. ಹುವಾಂಗ್ ವಾನ್‌ಲಿ ಅಂತ ಒಬ್ಬ ಪ್ರೊಫೆಸರ್ ಬೇಡ ಅಂದ, ಕೊನೆಪಕ್ಷ ಅಡಿಯ ತೂಬುಗಳನ್ನಾದ್ರೂ ಮುಚ್ಚಬೇಡಿ, ಮುಂದೆ ಹೂಳು ಬಿಡ್ಲಿಕ್ಕೆ ಬೇಕಾಗ್ತದೆ ಅಂದ. ಅವನನ್ನು ಬಲಪಂಥೀಯ ಅಂತ ಹಣೆಪಟ್ಟಿ ಹಚ್ಚಿ ಮೂಲೆಗೆ ಹಾಕಿದ್ರು. ತೂಬು ಕಾಂಕ್ರೀಟ್ ಹಾಕಿ ಮುಚ್ಚಿದ್ರು.

1960ರಲ್ಲಿ ನೀರು ನಿಲ್ಲಿಸಿದ್ರು, ಒಂದೆರಡು ವರ್ಷದಲ್ಲೇ ಹೂಳು ಹಿಂದೆ ಹಿಂದೆ ಕೂತು ಅಲ್ಲಿ ಬಂದು ಸೇರುವ ವೇಯ್ ನದಿ ಉಕ್ಕಿ ಶಿಯಾನ್ ಕಡೆಗೆ ಪ್ರವಾಹದ ಹೆದರಿಕೆ. 1962ರಲ್ಲಿ ನೀರು ಹಿಡಿಯುವುದನ್ನೇ ಬಿಟ್ರು. ಆಮೇಲೆ ಅದೇ ಮುಚ್ಚಿದ ತೂಬುಗಳನ್ನು ಒಡೆದು ತೆರೆದದ್ದು. ಹುವಾಂಗ್ ಹೇಳಿದ್ದು ಅಷ್ಟೇ ಅಲ್ವಾ? ಇದಕ್ಕೆ ಎಂತ ಹೇಳ್ತೀರಿ?

ಪೇಢಾಪ್ರಿಯ ಧಾರವಾಡ:
ತಂಗಿ, ಅದರಾಗ ರಷ್ಯಾದವರದ ತಪ್ಪು ಅಂದ್ರ ಅರ್ಧಾ ಮಾತು. ಹಳದಿ ನದಿ ತಿಳಿ ಮಾಡೇ ಬಿಡ್ತೀವಿ ಅಂತ ಹಟ ಹಿಡದಿದ್ದು ಅಲ್ಲಿ ಸರ್ಕಾರ, 1955ರಾಗ ಅವರ ಪಾರ್ಲಿಮೆಂಟ್‌ನಾಗ ಪಾಸ್ ಆದ ಯೋಜನಾ ಅದು. ಡಿಸೈನ್ ಮಾಡಿದವ್ರು ಗಿರಾಕಿ ಕೇಳಿದ್ದು ಕೊಟ್ಟರು.

ಕುಡ್ಲ ಸಿವಿಲ್:
ಗಿರಾಕಿ ಕೇಳಿದ್ದು ಕೊಡುವುದಕ್ಕೆ ತಜ್ಞ ಯಾಕೆ, ಅಂಗಡಿಯವ ಸಾಕಲ್ಲ ಅಣ್ಣ.

ನಿವೃತ್ತ ಬ್ರಿಡ್ಜಪ್ಪ:
ಮಗಳೇ ನೀನು ಹೇಳಿದ್ದು ಸರಿ. ಎರಡೂ ಒಟ್ಟಿಗೆ ಇಟ್ಟು ನೋಡಿದ್ರೆ ನನಗೆ ಕಾಣೋದು ಇಷ್ಟು: ಸಿಲಿನ್ ನದಿ ಪಕ್ಕದಲ್ಲಿ ಕೂತಿದ್ದ, ಜೊತೆಗೆ ಚೀನಾದವರ ತಾಂತ್ರಿಕ ಸಮಿತಿ ಇತ್ತು, ಅದರ ಅಧ್ಯಕ್ಷ ಮಾವೊ ಯಿಶೆಂಗ್, ಅಮೆರಿಕದಲ್ಲಿ ಓದಿ ಬಂದು 1937ರಲ್ಲಿ ಚಿಯಾನ್‌ಟಾಂಗ್ ಸೇತುವೆ ಕಟ್ಟಿದವನು, ಅದೇ ವರ್ಷ ಜಪಾನಿಯರು ಬಂದ್ರು ಅಂತ ತಾನೇ ಕಟ್ಟಿದ್ದನ್ನ ತಾನೇ ಸಿಡಿಸಿದವನು. ಅಂಥವರ ಮುಂದೆ ಹೊಸ ಪದ್ಧತಿ ಇಟ್ರೆ ನೂರು ಪ್ರಶ್ನೆ ಬರುತ್ತೆ, ಬರಬೇಕು. ಸಾನ್‌ಮೆನ್‌ಶಿಯಾದಲ್ಲಿ ಪ್ರಶ್ನೆ ಕೇಳಿದವನನ್ನೇ ಎಬ್ಬಿಸಿ ಕಳಿಸಿದ್ರು, ಡಿಸೈನ್ ಸಾವಿರಾರು ಮೈಲಿ ದೂರದ ಲೆನಿನ್‌ಗ್ರಾಡಲ್ಲಿ. ದೇಶ ಒಂದೇ, ತಜ್ಞರ ದೇಶವೂ ಒಂದೇ, ಕಾಲವೂ ಅದೇ.

ಹಳಿಹುಚ್ಚ:
ಸರ್ ಇದೇ ಮಾತನ್ನ ನಾನು ಇಂಜಿನ್ ಕಡೆಯಿಂದ ಹೇಳ್ತೀನಿ ನೋಡಿ. 1958ರಲ್ಲಿ ಚೀನಾ ತನ್ನ ಮೊದಲ ಮೇನ್‌ಲೈನ್ ಎಲೆಕ್ಟ್ರಿಕ್ ಇಂಜಿನ್ ಮಾಡ್ತು, ಸೋವಿಯತ್ ಎನ್60 ಡ್ರಾಯಿಂಗ್ ಇಟ್ಕೊಂಡು, ಹೆಸರು 6ವೈ1. ಬಾವೊಜಿ ಚೆಂಗ್ಡು ಲೈನಲ್ಲಿ ಚಿನ್‌ಲಿಂಗ್ ಬೆಟ್ಟ ಹತ್ತೋಕೆ, 25 ಕಿಲೋವೋಲ್ಟ್ ಎಸಿ, ಆ ಘಟ್ಟದ ಭಾಗ 1961ರಲ್ಲಿ ಕರೆಂಟ್ ಮೇಲೆ ಓಡೋಕೆ ಶುರು. ಆದ್ರೆ ಇಂಜಿನ್ ಒಳಗಿನ ರೆಕ್ಟಿಫೈಯರ್, ಅಂದ್ರೆ ಎಸಿ ಕರೆಂಟನ್ನ ಡಿಸಿ ಮಾಡೋ ಭಾಗ, ಪದೇ ಪದೇ ಕೈ ಕೊಡ್ತಿತ್ತು. ಅಷ್ಟೊತ್ತಿಗೆ ಕೇಳೋಣ ಅಂದ್ರೆ ತಜ್ಞರು ಹೊರಟು ಹೋಗಿದ್ರು. ಸಿಲಿಕಾನ್ ಡಯೋಡ್ ಹಾಕಿ ಸರಿ ಮಾಡಿ ಶಾವೊಶಾನ್ 1 ಅಂತ ಸಾಲಾಗಿ ತಯಾರು ಮಾಡೋ ಹೊತ್ತಿಗೆ 1968. ಹತ್ತು ವರ್ಷ! ಡ್ರಾಯಿಂಗ್ ಬೀರುವಿನಲ್ಲಿ ಭದ್ರವಾಗೇ ಇತ್ತು, "ಇದನ್ನ ಹಿಂಗ್ಯಾಕೆ ಇಟ್ರಿ" ಅಂತ ಕೇಳೋಕೆ ಮನುಷ್ಯ ಇರ್ಲಿಲ್ಲ ಅಷ್ಟೆ. ಮ್ಯಾನುಯಲ್ ಇಲ್ಲದೆ ಸೆಕೆಂಡ್ ಹ್ಯಾಂಡ್ ಮಿಕ್ಸಿ ತಂದು ನೋಡಿದ್ರೆ ಗೊತ್ತಾಗುತ್ತೆ ನಿಮ್ಗೆ.

ಸಂಶಯಪ್ಪ:
ಮಿಕ್ಸಿಗೆ ಮ್ಯಾನುಯಲ್ ಓದೋ ಜನ ಇದಾರಾ ಕರ್ನಾಟಕದಲ್ಲಿ?

ಆಮೇಲೆ ಜನ ಹೋಗಿ ಕಲಿಯೋದೂ ಇತ್ತಲ್ಲ, ಬರೀ ಬರೋದಲ್ಲ. ಚಾಂಗ್‌ಚುನ್‌ನ ಮೊದಲ ಆಟೋಮೊಬೈಲ್ ಕಾರ್ಖಾನೆ, 1953 ಜುಲೈನಲ್ಲಿ ಕೆಲಸ ಶುರು, 1956 ಜುಲೈನಲ್ಲಿ ಮೊದಲ ಲಾರಿ ಹೊರಗೆ. ಜಿಯೆಫಾಂಗ್ ಅಂದ್ರೆ ವಿಮೋಚನೆ, ಆದ್ರೆ ಬಾನೆಟ್ ಎತ್ತಿದ್ರೆ ಒಳಗೆ ಮಾಸ್ಕೋದ ಜೀಸ್ 150. ಅಲ್ಲಿ ಕೆಲಸ ಮಾಡೋರನ್ನ ನೂರಾರು ಲೆಕ್ಕದಲ್ಲಿ ಮಾಸ್ಕೋದ ಸ್ಟಾಲಿನ್ ಕಾರ್ಖಾನೆಗೆ ಕಳ್ಸಿದ್ರು, ಹಂಗೆ ಹೋದವರಲ್ಲಿ ಒಬ್ಬ ಜಿಯಾಂಗ್ ಜೆಮಿನ್, ಮುಂದೆ ದೇಶದ ಅಧ್ಯಕ್ಷನೇ ಆದ.

ಭಿಲಾಯ್ ವಾಪಸ್:
ಓದ್ತಾ ಸುಮ್ಮನಿದ್ದೆ, ತಡೀಲಿಲ್ಲ. ನಮ್ಮಪ್ಪ ಭಿಲಾಯ್ ಸ್ಟೀಲ್ ಪ್ಲಾಂಟಲ್ಲಿ ಇದ್ರು, ಊರು ಹಾಸನ. ಅದೂ ಸೋವಿಯತ್ ಸಹಾಯದ್ದೇ, ಒಪ್ಪಂದ 1955, ಮೊದಲ ಬ್ಲಾಸ್ಟ್ ಫರ್ನೇಸ್ 1959. ಅಂದ್ರೆ ಚೀನಾದ ಆನ್‌ಶಾನ್, ವುಹಾನ್, ಬಾವೊತೌ ಉಕ್ಕಿನ ಕಾರ್ಖಾನೆಗಳ ಕಾಲದ್ದೇ. ಅಪ್ಪ ಹೇಳೋರು, ರಷ್ಯನ್ನರು ಬೂಟು ಕಾಲಲ್ಲಿ ಫರ್ನೇಸ್ ಪಕ್ಕ ನಿಂತು ನಮ್ಮವರ ಕೈಯಲ್ಲೇ ಮಾಡಿಸ್ತಿದ್ರು, ಭಾಷೆ ಬರಲ್ಲ, ಕೈಸನ್ನೆ, ಮಧ್ಯೆ ಒಬ್ಬ ದುಭಾಷಿ ಬೆವರು ಒರೆಸ್ಕೊಂಡು. ನಮ್ಮಲ್ಲಿಂದ ಅವರು ಮುನಿಸಿಕೊಂಡು ಹೋಗ್ಲಿಲ್ಲ, ಯಾಕಂದ್ರೆ ಅವರಿಗೂ ನಮಗೂ ಯಾರು ನಿಜವಾದ ಕಮ್ಯುನಿಸ್ಟ್ ಅನ್ನೋ ಜಗಳ ಇರ್ಲಿಲ್ಲವಲ್ಲ!

ಚೀನಾದಲ್ಲಿ ಆನ್‌ಶಾನ್ ವಿಷಯದಲ್ಲೇ ಆ ಜಗಳ ಕಾಣುತ್ತೆ ಅನ್ಸುತ್ತೆ ನಂಗೆ. ಸೋವಿಯತ್ ಪದ್ಧತಿ ಅಂದ್ರೆ ಕಾರ್ಖಾನೆಗೆ ಒಬ್ಬನೇ ಯಜಮಾನ, ಡೈರೆಕ್ಟರ್ ಹೇಳಿದ್ದೇ ಕೊನೆ, ಇಂಜಿನಿಯರ್ ರೂಲ್ ಪುಸ್ತಕ ನೋಡ್ತಾನೆ. 1960 ಮಾರ್ಚ್‌ನಲ್ಲಿ ಚೀನಾ ನಾಯಕ ಮಾವೊ ಜೆಡಾಂಗ್ ಇದನ್ನ, ಸೋವಿಯತ್ ಉಕ್ಕಿನ ಕಾರ್ಖಾನೆ ಊರಿನ ಹೆಸರಲ್ಲಿ, ಮ್ಯಾಗ್ನಿಟೊಗೋರ್ಸ್ಕ್ ಸಂವಿಧಾನ ಅಂತ ಕರೆದು, ನಮ್ದು ಬೇರೆ, ಆನ್‌ಶಾನ್ ಸಂವಿಧಾನ, ಪಾರ್ಟಿ ಮುಂದೆ, ಕಾರ್ಮಿಕರೂ ಆಡಳಿತ ಮಾಡ್ಬೇಕು, ಸಾಹೇಬರೂ ಕೈಕೆಲಸ ಮಾಡ್ಬೇಕು ಅಂದ್ರು.

ಪೇಢಾಪ್ರಿಯ ಧಾರವಾಡ:
ಹೌದು ನೋಡ್ರಿ, ಒಬ್ಬನ ಯಜಮಾನ ಅನ್ನೋ ಪದ್ಧತಿ ಕಲ್ತಿದ್ದು ರೈಲ್ವೆದಾಗ. ಚಾಂಗ್‌ಚುನ್ ರೈಲ್ವೆ ಅಂತ ಇತ್ತಲ್ಲ, ಹಳೇ ಝಾರ್ ಕಾಲದ ಮಂಚೂರಿಯಾ ಲೈನು, ಅದನ್ನ 1950ರಿಂದ ಎರಡೂ ದೇಶ ಕೂಡಿ ನಡಸಿದ್ವು, ವೇಳಾಪಟ್ಟಿ, ಖರ್ಚಿನ ಲೆಕ್ಕ, ಶಂಟಿಂಗ್ ಎಲ್ಲಾ ಸೋವಿಯತ್ ಮಾದರಿ, ಇಡೀ ಚೀನಾ ರೈಲ್ವೆಕ್ಕ ಅದು ಸಾಲಿ ಇದ್ದಂಗ. 1952 ಡಿಸೆಂಬರ್ 31ಕ್ಕ ಒಂದು ಪೈಸೆ ಇಸಗೊಳ್ಳದ ಬಿಟ್ಟು ಕೊಟ್ರು. ಸಂಶಯಪ್ಪ ಅವರ, ಇದನ್ನೂ ನಿಮ್ಮ ಅಣ್ಣನ ಲೆಕ್ಕದ ಬುಕ್ಕಿನಾಗ ಬರಕೋರಿ.

ಈಗ 1960ಕ್ಕ ಬರೂಣು. ರಾತ್ರೋರಾತ್ರಿ ಅಲ್ಲ. ಜುಲೈ 16ಕ್ಕ ಸೋವಿಯತ್ ಸರ್ಕಾರ ಪತ್ರ ಕೊಡ್ತು, ಎಲ್ಲಾ ತಜ್ಞರನ್ನ ಕರಸ್ಕೋತೀವಿ ಅಂತ. ಜುಲೈ 31ಕ್ಕ ಚೀನಾ, ದಯಮಾಡಿ ಮತ್ತೊಮ್ಮೆ ವಿಚಾರ ಮಾಡ್ರಿ ಅಂತ ಉತ್ತರ ಬರೀತು. ಸೆಪ್ಟೆಂಬರ್ ಸುರುವಿಗೆ ಎಲ್ಲಾ ಖಾಲಿ. ಚೀನಾದ ಲೆಕ್ಕದಾಗ 1390 ಮಂದಿ, ಹರದ ಕಾಂಟ್ರಾಕ್ಟು 343, ನಿಂತ ವಿಜ್ಞಾನ ತಂತ್ರಜ್ಞಾನ ಯೋಜನಾ 257. ಸುಮಾರು ಆರು ವಾರ. ಆದ್ರ ಅರ್ಧಾ ಕಟ್ಟಿದ ಕಾರ್ಖಾನಿ ಮುಂದ ನಿಂತವಂಗ ಆರು ವಾರನೂ ಒಂದ ರಾತ್ರಿನ.

ಕಾರಣ ಇಬ್ಬರದೂ ಅದಾವ. ರಷ್ಯಾದವರ ತಕರಾರು ಏನಂದ್ರ, ನಮ್ಮ ಮಂದಿ ಮಾತು ಕೇಳಂಗಿಲ್ಲ, ನಮ್ಮ ಮಂದಿನ್ನ ನಮ್ಮ ಸರ್ಕಾರದ ವಿರುದ್ಧ ಎತ್ತಿಕಟ್ಟಾಕ ಹತ್ತೀರಿ. 1958ರ ಮಹಾ ಜಿಗಿತದಾಗ, ಅಂದ್ರ ದಿಢೀರನ ಉತ್ಪಾದನಾ ಏರಸೋ ಮಾವೊನ ಅಭಿಯಾನದಾಗ, ಹಿತ್ತಲದಾಗ ಕಬ್ಬಿಣ ಕಾಸೋ ಹುಚ್ಚು ಹಿಡದಾಗ ಸುರಕ್ಷತಾ ನಿಯಮ ಅಂದವಂಗ ಹಳೇ ಮೂಢನಂಬಿಕಿ ಅಂತ ಬಾಯಿ ಮುಚ್ಚಿಸ್ತಿದ್ರು, ತಜ್ಞ ಇದ್ದರೂ ಒಂದ, ಇಲ್ಲದಿದ್ರೂ ಒಂದ. ಚೀನಾದವರ ತಕರಾರು, ಇದು ತಜ್ಞರ ವಿಷಯ ಅಲ್ಲ, ಕ್ರುಶ್ಚೇವ್ ಸಿದ್ಧಾಂತದ ಜಗಳಕ್ಕ ನಮ್ಮ ಕೈ ತಿರುವಾಕ ಹತ್ಯಾನ. ಜೂನ್‌ದಾಗಷ್ಟ ಬುಖಾರೆಸ್ಟ್‌ನಾಗ ಕಮ್ಯುನಿಸ್ಟ್ ಪಾರ್ಟಿಗಳ ಸಭಾದಾಗ ಎಲ್ಲಾರ ಮುಂದ ಬೈದಾಡಿದ್ರು.

ನಕ್ಷಿ ಸುಟ್ಟ ಮಾತು ನಂಬಬ್ಯಾಡ್ರಿ. ತಮ್ಮ ಜೋಡಿ ಒಯ್ದದ್ದು ಅದ, ಕಳಿಸಬೇಕಾದ ಡ್ರಾಯಿಂಗು ಮಿಷಿನ್ನು ನಿಲ್ಲಿಸಿದ್ದೂ ಅದ. ಅದರ ಜೋಡಿನ, ಹೋಗೂ ಮುಂದ ಸುಮ್ಮ ತಮ್ಮ ನೋಟ್‌ಬುಕ್ಕು ಚೀನಾ ಗೆಳ್ಯಾರ ಟೇಬಲ್ ಮ್ಯಾಲೆ ಬಿಟ್ಟು ಹೋದವ್ರೂ ಇದ್ದರು. ಹತ್ತಾರು ತಿಂಗಳು ಒಂದ ಸೈಟ್‌ನಾಗ ಇದ್ದವರು ರೀ, ಕಣ್ಣಾಗ ನೀರು ಬರಲಾರ್ದ ಇರ್ತಾವೇನು.

ಭಿಲಾಯ್ ವಾಪಸ್:
ಮತ್ತೆ ಬರಗಾಲ? ಚಿಕ್ಕಪ್ಪನ ಮೂರನೇ ಪಾಯಿಂಟು.

ಪೇಢಾಪ್ರಿಯ ಧಾರವಾಡ:
ಬರಗಾಲ 1959ರಾಗನ ಹೊಕ್ಕಿತ್ತು, ತಜ್ಞರು ಹೋದದ್ದು 1960ರ ಬ್ಯಾಸಗಿ ಮುಗದ ಮ್ಯಾಲೆ. ಲೇಥ್ ಮಿಷಿನ್ ಇಂಜಿನಿಯರ್ ಹ್ವಾದ ಅಂತ ಹೊಲದಾಗ ಭತ್ತ ಬೆಳಿಯೂದು ನಿಲ್ಲತದೇನು? ಆದ್ರ ತಪ್ಪು ಹೊರಸಾಕ ಒಬ್ಬ ಬೇಕಾಗಿದ್ದ, ದೊಡ್ಡಣ್ಣ ಸಿಕ್ಕ.

ಸಂಶಯಪ್ಪ:
ಇದರಲ್ಲಿ ನಾನೂ ಪೇಢಾ ಸರ್ ಪಾರ್ಟಿ. ಒಂದೇ ಸೇರಿಸ್ತೀನಿ, ಹೋದ್ಮೇಲೆ ನಿಂತು ಹೋಗ್ಲಿಲ್ಲ. ನಾನ್‌ಜಿಂಗ್ ಸೇತುವೆ, ಅದೂ ಯಾಂಗ್ಟ್ಸೆ ಮೇಲೆ, ವುಹಾನ್‌ಗಿಂತ ಕೆಳಗೆ, ನದಿ ಇನ್ನೂ ಆಳ. 1960ರಲ್ಲಿ ಶುರು. ಸೋವಿಯತ್‌ನಿಂದ ಬರಬೇಕಿದ್ದ ಉಕ್ಕು ಕೈ ಕೊಡ್ತು, ಆನ್‌ಶಾನ್‌ನವರು ತಾವೇ ಮ್ಯಾಂಗನೀಸ್ ಸೇರಿಸಿದ ಬಲವಾದ ಉಕ್ಕು ಮಾಡ್ಕೊಟ್ರು. 1968ರಲ್ಲಿ ಮುಗೀತು. ವುಹಾನ್‌ಗೆ ಎರಡು ವರ್ಷ, ಇದಕ್ಕೆ ಎಂಟು, ಮಧ್ಯೆ ಸಾಂಸ್ಕೃತಿಕ ಕ್ರಾಂತಿ ಗಲಾಟೆ ಬೇರೆ. ಆದ್ರೆ ಆ ಉಕ್ಕು ಮಾಡಿದ ಕಾರ್ಖಾನೆನ ಎತ್ತಿ ನಿಲ್ಲಿಸಿದ್ದು ಯಾರು ಅಂತ ಕೇಳಿದ್ರೆ ಮತ್ತೆ ಅದೇ ಅಣ್ಣ.

ಕುಡ್ಲ ಸಿವಿಲ್:
ಹಳಿಹುಚ್ಚ, ಬೀಜಿಂಗ್ ಮಾಸ್ಕೋ ಟ್ರೇನಿನ ಬೋಗಿ ಬದಲಾಯಿಸುವುದು ಅಂತಾರಲ್ಲ, ಅದು ಎಂತ? ಪ್ರಯಾಣಿಕರನ್ನು ಬೇರೆ ಬೋಗಿಗೆ ಹತ್ತಿಸುವುದಾ?

ಹಳಿಹುಚ್ಚ:
ಅಯ್ಯೋ ಇಲ್ಲ, ನಾವು ಕನ್ನಡದಲ್ಲಿ ಡಬ್ಬಿಗೇ ಬೋಗಿ ಅಂದು ಅಂದು ಈ ಗೊಂದಲ. ಅಲ್ಲಿ ಬೋಗಿ ಅಂದ್ರೆ ಕೆಳಗಿನ ಚಕ್ರದ ಗಾಡಿ. ಡಬ್ಬಿನ ಜಾಕ್ ಹಾಕಿ ಎತ್ತಿ, ಕೆಳಗಿಂದ ಚಕ್ರದ ಗಾಡಿ ಎಳೆದು ಬೇರೆ ಅಗಲದ್ದು ತಳ್ಳೋದು, ಜನ ಒಳಗೇ ಚಹಾ ಕುಡೀತಾ ಕೂತಿರ್ತಾರೆ. ರಷ್ಯಾ ಹಳಿ ಆಗ 1524 ಮಿಲಿಮೀಟರ್, ಚೀನಾದ್ದು 1435. ಇದರಲ್ಲೂ ಜಗಳದ ಕಥೆ ಇದೆ. 1956 ಜನವರಿಯಲ್ಲಿ ಮಂಗೋಲಿಯಾ ಮೇಲಿಂದ ನೇರ ಲೈನ್ ಓಪನ್ ಆದಾಗ, ಚೀನಾ ತನ್ನ ನೆಲದ ಜೀನಿಂಗ್‌ವರೆಗೂ ರಷ್ಯಾ ಅಗಲದ ಹಳೀನೇ ಹಾಕಿತ್ತು, ಅಣ್ಣನ ಟ್ರೇನು ನೇರ ಮನೆ ಒಳಗೇ ಬರ್ಲಿ ಅಂತ. 1965ರಲ್ಲಿ ಅದನ್ನ ಕಿತ್ತು 1435 ಮಾಡಿ ಬದಲಾಯಿಸೋ ಜಾಗನ ಗಡಿಯ ಎರ್ಲಿಯಾನ್‌ಗೆ ತಳ್ಳಿದ್ರು. ನಮ್ಮಲ್ಲಿ ಮೀಟರ್‌ಗೇಜ್ ಕಿತ್ತಿದ್ದು ಸ್ಪೀಡ್‌ಗೆ, ಅಲ್ಲಿ ಕಿತ್ತಿದ್ದಕ್ಕೆ ರಾಜಕೀಯದ ವಾಸನೆ ಹೊಡಿಯುತ್ತೆ.

ಕೊನೆಗೆ ನನ್ನ ಫೇವರಿಟ್. 1958ರಿಂದ 60ರ ಒಳಗೆ ಸೋವಿಯತ್ ಒಕ್ಕೂಟ ತನ್ನ ಹಳೇ ಎಫ್‌ಡಿ ಸ್ಟೀಮ್ ಇಂಜಿನ್‌ಗಳನ್ನ, ಸಾವಿರಕ್ಕೂ ಜಾಸ್ತಿ, ಚೀನಾಗೆ ಕೊಟ್ಟಿತು. ತನಗೆ ಸ್ಟೀಮ್ ಬೇಡವಾಗಿತ್ತು, 1956ಕ್ಕೇ ತಯಾರಿ ನಿಲ್ಲಿಸಿತ್ತು. ಚಕ್ರ ಒಳಗೆ ಸರಿಸಿ 1435 ಮಾಡಿ ಓಡಿಸಿದ್ರು. ಚೀನಾ ಅದಕ್ಕೆ ಇಟ್ಟ ಹೆಸರು ಯೌಹಾವ್, ಸ್ನೇಹ. ಅದೇ ಥರ ಸೋವಿಯತ್ ಎಲ್‌ವಿ ಇಂಜಿನ್ ಡ್ರಾಯಿಂಗ್ ನೋಡಿ ದಾಲಿಯಾನ್‌ನಲ್ಲಿ 1956ರಲ್ಲಿ ಮಾಡಿದ ಇಂಜಿನ್‌ಗೆ ಹೆಪಿಂಗ್, ಶಾಂತಿ. ಸಾಂಸ್ಕೃತಿಕ ಕ್ರಾಂತಿ ಬಂತು. ಶಾಂತಿ ಹೋಗಿ ಸಾಮ್ರಾಜ್ಯಶಾಹಿ ವಿರೋಧಿ ಅಂತ ಆಯ್ತು, ಸ್ನೇಹ ಹೋಗಿ ಪರಿಷ್ಕರಣವಾದ ವಿರೋಧಿ, ಅಂದ್ರೆ ನೇರವಾಗಿ ರಷ್ಯಾಗೆ ಬೈಗುಳ. ರಷ್ಯಾದ್ದೇ ಇಂಜಿನ್, ಅದರ ಹಣೆ ಮೇಲೆ! 1971ರಲ್ಲಿ ಮತ್ತೆ ಬದಲಾಯಿಸಿದ್ರು, ಶಾಂತಿ ಚಿಯೆನ್‌ಜಿನ್ ಆಯ್ತು, ಮುನ್ನಡೆ ಅಂತ, ಅದನ್ನ 1988ರವರೆಗೂ ಮಾಡ್ತಾನೇ ಇದ್ರು, 4700ಕ್ಕೂ ಹೆಚ್ಚು. ಸ್ನೇಹಕ್ಕೆ ಮಾತ್ರ ಸುಮ್ಮನೆ ವಾಪಸ್ ಎಫ್‌ಡಿ ಅಂತಾನೇ ಬರೆದ್ರು.

ನಿವೃತ್ತ ಬ್ರಿಡ್ಜಪ್ಪ:
ಇದನ್ನೇ ನಿಮ್ಮ ಚಿಕ್ಕಪ್ಪನಿಗೆ ಕಳಿಸಪ್ಪ.

ಹಳಿಹುಚ್ಚ:
ಕಳ್ಸಿದೆ ಸರ್, ಇಡೀ ಥ್ರೆಡ್ಡನ್ನೇ. ಹತ್ತು ನಿಮಿಷ ಟೈಪಿಂಗ್ ಟೈಪಿಂಗ್ ಅಂತ ತೋರಿಸ್ತು. ಆಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು, ಸಾಯಂಕಾಲ ಏಳು ಗಂಟೆಗೆ.